ಬಾಗಲಕೋಟೆ ಜಿಲ್ಲೆಯಲ್ಲಿದ್ದುಕೊಂಡೇ ಮಾಧ್ಯಮ ಪ್ರಕರಣಗಳ ವಕೀಲಿಕೆ ಮಾಡಬಹುದೇ?

ಜಮಖಂಡಿಯ ವರದಿಗಾರ ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ಏಳು ವರ್ಷಗಳಿಂದ ಒಂದು ದಿನಪತ್ರಿಕೆಗೆ ಜಮಖಂಡಿ ತಾಲ್ಲೂಕಿನಿಂದ ಅರೆಕಾಲಿಕ ವರದಿಗಾರನಾಗಿ ಸುದ್ದಿ ಕಳುಹಿಸುತ್ತಿದ್ದೇನೆ. ಜೊತೆಗೆ ಮೂರು ವರ್ಷದ ಎಲ್‌ಎಲ್‌.ಬಿ. ಓದುತ್ತಿದ್ದು, ಈಗ ಕೊನೆಯ ಸೆಮಿಸ್ಟರಿನಲ್ಲಿದ್ದೇನೆ.

ಕಾನೂನು ಓದಲು ಹೊರಟದ್ದಕ್ಕೆ ಒಂದು ಕಾರಣವಿದೆ. ಒಂದು ಗ್ರಾಮದ ಚರಂಡಿ ಕಾಮಗಾರಿಗೆ, ಕೆಲಸ ಮುಗಿಯುವ ಮೊದಲೇ ಪೂರ್ತಿ ಬಿಲ್ ಪಾವತಿಯಾದ ಬಗ್ಗೆ ನಾನು ಬರೆದ ವರದಿಯ ಮೇಲೆ ಖಾಸಗಿ ದೂರು ದಾಖಲಾಗಿ, ನನಗೆ ನ್ಯಾಯಾಲಯದ ಸಮನ್ಸ್ ಬಂದಿತು. ಕಚೇರಿಯವರು ‘ಬರೆದವರು ನೀವು, ನೀವೇ ನೋಡಿಕೊಳ್ಳಿ’ ಎಂದರು. ನನ್ನ ಪರವಾಗಿ ನಿಂತ ವಕೀಲರು ಜಮೀನಿನ ವ್ಯಾಜ್ಯಗಳಲ್ಲಿ ಪಳಗಿದವರು, ಒಳ್ಳೆಯವರು. ಆದರೆ ಮಾನಹಾನಿಯ ಪ್ರಕರಣವನ್ನು ಅದುವರೆಗೆ ನಡೆಸಿರಲಿಲ್ಲ. ಹದಿನಾಲ್ಕು ತಿಂಗಳು ಅಲೆದ ಮೇಲೆ, ಬರೆದದ್ದೆಲ್ಲ ನಿಜವಾಗಿದ್ದರೂ ವಿಷಾದ ಪ್ರಕಟಿಸಿ ರಾಜಿ ಮಾಡಿಕೊಂಡೆ. ಆ ನಾಲ್ಕು ಸಾಲಿನ ವಿಷಾದವನ್ನು ನಾನೇ ಟೈಪ್ ಮಾಡಿ ಕಳುಹಿಸಿದ ಸಂಜೆಯನ್ನು ಇಂದಿಗೂ ಮರೆಯಲಾಗಿಲ್ಲ.

ಪತ್ರಕರ್ತರ ಪರವಾಗಿ ನಿಲ್ಲುವ ವಕೀಲನಾಗಬೇಕೆಂಬುದು ನನ್ನ ಆಸೆ. ಅದಕ್ಕೆ ಬೆಂಗಳೂರಿಗೋ ದೆಹಲಿಗೋ ಹೋಗಲೇಬೇಕೇ? ಇಲ್ಲಿಯೇ ಇದ್ದು ಕಲಿಯುವುದಾದರೆ ಎಲ್ಲಿಂದ ಆರಂಭಿಸಬೇಕು? ಅನುಭವವುಳ್ಳವರು ದಯವಿಟ್ಟು ತಿಳಿಸಬೇಕು.

ಬೆಳಗಾವಿಯ ಹಿರಿಯ ವಕೀಲ:

ನಿಮ್ಮ ಪ್ರಕರಣದಿಂದಲೇ ಆರಂಭಿಸುತ್ತೇನೆ, ಏಕೆಂದರೆ ನೀವು ಕಲಿಯಬೇಕಾದದ್ದರಲ್ಲಿ ಬಹುಪಾಲು ಅದರೊಳಗೇ ಇದೆ. ಮಾನಹಾನಿಯನ್ನು ಅಪರಾಧವೆಂದು ಹೇಳುವ ಕಲಮು ಹಿಂದೆ ಭಾರತೀಯ ದಂಡ ಸಂಹಿತೆಯ 499 ಆಗಿತ್ತು. 2024ರ ಜುಲೈ 1ರಿಂದ ಅದು ಭಾರತೀಯ ನ್ಯಾಯ ಸಂಹಿತೆಯ 356 ಆಗಿದೆ. ಎರಡು ವರ್ಷದವರೆಗಿನ ಸಾದಾ ಸಜೆ, ದಂಡ ಅಥವಾ ಎರಡೂ ಎಂಬ ಹಳೆಯ ಶಿಕ್ಷೆಗೆ ಈಗ ಸಮುದಾಯ ಸೇವೆಯೂ ಸೇರಿದೆ. ಆ ಕಲಮಿಗಿಂತ ಅದರ ಕೆಳಗಿರುವ ಹತ್ತು ವಿನಾಯಿತಿಗಳನ್ನು ನೀವು ಬಾಯಿಪಾಠವೆಂಬಂತೆ ತಿಳಿದಿರಬೇಕು. ‘ನಾನು ಬರೆದದ್ದು ನಿಜ’ ಎಂಬಷ್ಟರಿಂದ ಮೊದಲನೆಯ ವಿನಾಯಿತಿ ಸಿಗುವುದಿಲ್ಲ. ಅದು ನಿಜವಾಗಿರಬೇಕು ಮತ್ತು ಸಾರ್ವಜನಿಕ ಹಿತಕ್ಕಾಗಿ ಪ್ರಕಟವಾಗಿರಬೇಕು, ಇವೆರಡನ್ನೂ ತೋರಿಸುವ ಹೊಣೆ ಆರೋಪಿಯದು. ಸರ್ಕಾರಿ ನೌಕರರ ಸಾರ್ವಜನಿಕ ನಡತೆಯ ಬಗ್ಗೆ ಸದ್ಭಾವನೆಯಿಂದ ಹೇಳಿದ ಅಭಿಪ್ರಾಯಕ್ಕೆ ಬೇರೆಯೇ ವಿನಾಯಿತಿ ಇದೆ, ನ್ಯಾಯಾಲಯದ ಕಲಾಪದ ಯಥಾವತ್ ವರದಿಗೆ ಇನ್ನೊಂದಿದೆ. ಯಾವ ವಾಕ್ಯವನ್ನು ಯಾವ ವಿನಾಯಿತಿಯ ಅಡಿಯಲ್ಲಿ ತರಬಹುದೆಂದು ವರದಿಯನ್ನು ಸಾಲುಸಾಲಾಗಿ ಒಡೆದು ನೋಡುವುದೇ ಈ ವಕೀಲಿಕೆಯ ಮೊದಲ ಪಾಠ.

ಒಂದು ನಿದರ್ಶನ ಹೇಳುತ್ತೇನೆ. ಕೆಲವು ವರ್ಷಗಳ ಹಿಂದೆ ತಾಲ್ಲೂಕು ನ್ಯಾಯಾಲಯವೊಂದರಲ್ಲಿ ವಾರಪತ್ರಿಕೆಯೊಂದರ ಸಂಪಾದಕರ ಪರವಾಗಿ ವಕಾಲತ್ತು ಹಾಕಿದ್ದೆ. ವರದಿಯಲ್ಲಿ ‘ಹಣ ನುಂಗಿದ್ದಾರೆ’ ಎಂಬ ಎರಡು ಪದಗಳಿದ್ದವು, ಫಿರ್ಯಾದಿಯ ಇಡೀ ದೂರು ಆ ಎರಡು ಪದಗಳ ಮೇಲೆಯೇ ನಿಂತಿತ್ತು. ಸಂಪಾದಕರು ಮೊಬೈಲಿನಲ್ಲಿ ತೆಗೆದ ಹತ್ತಾರು ಚಿತ್ರಗಳನ್ನು ತಂದಿದ್ದರು. ವಿದ್ಯುನ್ಮಾನ ದಾಖಲೆಗೆ ಬೇಕಾದ ಪ್ರಮಾಣಪತ್ರವಿಲ್ಲದ ಕಾರಣ ಅವು ಕಡತದಾಚೆಗೇ ಉಳಿದವು. ನಮ್ಮನ್ನು ಉಳಿಸಿದ್ದು ಮಾಹಿತಿ ಹಕ್ಕಿನಡಿ ಪಡೆದ ಲೆಕ್ಕ ಪರಿಶೋಧನಾ ವರದಿಯ ಒಂದೇ ಒಂದು ಹಾಳೆ. ಪಾಟೀ ಸವಾಲಿನಲ್ಲಿ ಫಿರ್ಯಾದಿಗೆ ಅದನ್ನು ತೋರಿಸಿ, ಕೆಳಗಿನ ಸಹಿ ತಮ್ಮದೇ ಎಂದು ಕೇಳಿದೆ, ಹೌದೆಂದರು. ಆಕ್ಷೇಪಣೆಗೆ ಉತ್ತರ ಕೊಟ್ಟಿದ್ದೀರಾ ಎಂದಾಗ ಬಹಳ ಹೊತ್ತು ಸುಮ್ಮನಿದ್ದು, ಇಲ್ಲ ಎಂದರು. ‘ನುಂಗಿದ್ದಾರೆ’ ಎಂಬ ಕಡೆ ‘ಲೆಕ್ಕ ಪರಿಶೋಧಕರು ಆಕ್ಷೇಪಣೆ ಎತ್ತಿದ್ದಾರೆ, ಅದಕ್ಕೆ ಉತ್ತರ ಬಂದಿಲ್ಲ’ ಎಂದು ಬರೆದಿದ್ದರೆ ಆ ಪ್ರಕರಣ ಹುಟ್ಟುತ್ತಲೇ ಇರಲಿಲ್ಲವೆಂದು ನನಗೆ ಇಂದಿಗೂ ಅನಿಸುತ್ತದೆ.

ಆದ್ದರಿಂದ ಮೊದಲ ಮೂರು ನಾಲ್ಕು ವರ್ಷ ಕ್ರಿಮಿನಲ್ ವಿಚಾರಣೆ ನಡೆಸುವ ಹಿರಿಯರೊಬ್ಬರ ಕಚೇರಿಯಲ್ಲಿ ಕಿರಿಯರಾಗಿ ಸೇರಿಕೊಳ್ಳಿ. ವಾಕ್ ಸ್ವಾತಂತ್ರ್ಯವನ್ನು ಕೊಡುವ ಸಂವಿಧಾನದ 19(1)(ಎ) ವಿಧಿಯ ಕುರಿತ ಸುಪ್ರೀಂ ಕೋರ್ಟಿನ ತೀರ್ಪುಗಳನ್ನು ಓದಲೇಬೇಕು, ಆದರೆ ನಮ್ಮ ಭಾಗದ ಪತ್ರಕರ್ತನ ವಾಕ್ ಸ್ವಾತಂತ್ರ್ಯ ಉಳಿಯುವುದೋ ಅಳಿಯುವುದೋ ಜೆಎಂಎಫ್‌ಸಿ, ಅಂದರೆ ಪ್ರಥಮ ದರ್ಜೆ ಮ್ಯಾಜಿಸ್ಟ್ರೇಟ್, ನ್ಯಾಯಾಲಯದ ಕಟಕಟೆಯಲ್ಲಿ. 1994ರ ರಾಜಗೋಪಾಲ್ ತೀರ್ಪನ್ನಂತೂ ಹತ್ತು ಸಲ ಓದಿ. ಅಧಿಕೃತ ಕರ್ತವ್ಯಕ್ಕೆ ಸಂಬಂಧಿಸಿದ ವರದಿಯ ಬಗ್ಗೆ ಅಧಿಕಾರಿ ಪರಿಹಾರ ಕೇಳಿದಾಗ, ಸಮಂಜಸವಾದ ಪರಿಶೀಲನೆ ಮಾಡಿಯೇ ಬರೆದೆನೆಂದು ಪತ್ರಕರ್ತ ತೋರಿಸಿದರೆ ಸಾಕೆಂದೂ, ಸರ್ಕಾರವಾಗಲಿ ಸ್ಥಳೀಯ ಸಂಸ್ಥೆಯಾಗಲಿ ತಾನೇ ಮಾನನಷ್ಟದ ಪರಿಹಾರಕ್ಕೆ ದಾವೆ ಹೂಡುವಂತಿಲ್ಲವೆಂದೂ ಅದು ಹೇಳುತ್ತದೆ. ಕ್ರಿಮಿನಲ್ ಮಾನಹಾನಿಯ ಕಲಮು ಸಂವಿಧಾನಬದ್ಧವೆಂದು 2016ರಲ್ಲಿ ಸುಬ್ರಮಣಿಯನ್ ಸ್ವಾಮಿ ಪ್ರಕರಣದಲ್ಲಿ ಎತ್ತಿಹಿಡಿದಿರುವುದರಿಂದ, ಆ ಕಲಮೇ ಬೇಡವೆಂಬ ವಾದ ಸದ್ಯಕ್ಕೆ ಕೆಳ ನ್ಯಾಯಾಲಯದಲ್ಲಿ ಫಲ ಕೊಡದು.

ಬೆಳಗಾವಿ ಕಡೆ ಕೆಲಸ ಮಾಡುವುದಾದರೆ ಮರಾಠಿ ಓದಲು ಕಲಿಯಿರಿ. ಇಲ್ಲಿನ ಅನೇಕ ದೂರುಗಳು ಅನುವಾದದ ಮೇಲೆ ನಿಂತಿರುತ್ತವೆ. ಮೂಲ ಶೀರ್ಷಿಕೆಯಲ್ಲಿ ಪ್ರಶ್ನೆಯಾಗಿದ್ದದ್ದು ಅನುವಾದದಲ್ಲಿ ಆರೋಪವಾಗಿಬಿಡುವುದನ್ನು ನಾನು ಕಂಡಿದ್ದೇನೆ.

ಊರಿನ ಬಗ್ಗೆ ಅಳುಕು ಬೇಡ. ಸುದ್ದಿಕಾಗದದ ಮೇಲಿನ ಆಮದು ಸುಂಕವನ್ನು ಪತ್ರಿಕಾ ಸ್ವಾತಂತ್ರ್ಯದ ಕಣ್ಣಿನಿಂದ ನೋಡಿದ 1984ರ ಇಂಡಿಯನ್ ಎಕ್ಸ್‌ಪ್ರೆಸ್ ತೀರ್ಪನ್ನು ಬರೆದ ನ್ಯಾಯಮೂರ್ತಿ ಇ.ಎಸ್. ವೆಂಕಟರಾಮಯ್ಯನವರು ಕಾನೂನು ಓದಿದ ಕಾಲೇಜುಗಳಲ್ಲಿ ಬೆಳಗಾವಿಯ ರಾಜಾ ಲಖಮಗೌಡ ಕಾನೂನು ಕಾಲೇಜೂ ಒಂದು. ನನ್ನ ಕಿರಿಯರಿಗೆ ಆ ತೀರ್ಪನ್ನು ಕೊಡುವಾಗಲೆಲ್ಲ ಇದನ್ನು ಹೇಳುತ್ತೇನೆ.

ವಿಜಯಪುರದ ವಾರಪತ್ರಿಕೆಯ ಸಂಪಾದಕಿ:

ನಾನು ವಕೀಲೆಯಲ್ಲ, ವಕೀಲರ ಅಗತ್ಯವಿರುವವಳು. ಪತ್ರಿಕೆಯಲ್ಲಿ ಸಂಪಾದಕಿಯೆಂದು ಅಚ್ಚಾಗುವುದು ನನ್ನ ಹೆಸರೇ ಆದ್ದರಿಂದ, ನನಗೆ ಬೇಕಾದ ವಕೀಲರು ಸಮನ್ಸ್ ಬಂದ ಮೇಲೆ ಬರುವವರಲ್ಲ. ಗುರುವಾರ ರಾತ್ರಿ ಪುಟ ಮುದ್ರಣಕ್ಕೆ ಹೋಗುವ ಮುನ್ನ ಫೋನ್ ಎತ್ತಿ, ‘ಈ ಸಾಲಿಗೆ ಕಾಗದ ಎಲ್ಲಿದೆ?’ ಎಂದು ಕೇಳುವವರು. ಅಂಥವರೊಬ್ಬರು ಸಿಕ್ಕಿದ ಮೇಲೆ ನನ್ನ ಪತ್ರಿಕೆ ಮೊದಲಿಗಿಂತ ಹೆಚ್ಚು ಧೈರ್ಯದಿಂದ ಬರೆಯುತ್ತಿದೆ. ಅವರು ಸುದ್ದಿಯನ್ನು ತಡೆಯುವುದಿಲ್ಲ, ಸುದ್ದಿ ನ್ಯಾಯಾಲಯದಲ್ಲೂ ಗಟ್ಟಿಯಾಗಿ ನಿಲ್ಲುವಂತೆ ಮಾಡುತ್ತಾರೆ. ಆರೋಪಕ್ಕೆ ಗುರಿಯಾದವರಿಗೆ ಪ್ರಶ್ನೆಗಳನ್ನು ಲಿಖಿತವಾಗಿ ಕಳುಹಿಸಿ, ಕಳುಹಿಸಿದ ಸಮಯವನ್ನು ಗುರುತು ಮಾಡಿಕೊಳ್ಳುವ ರೂಢಿ ಅವರಿಂದಲೇ ಬಂದದ್ದು. ಮಾನಹಾನಿಯ ಸಿವಿಲ್ ದಾವೆಗೆ ಒಂದು ವರ್ಷ, ಕ್ರಿಮಿನಲ್ ದೂರಿಗೆ ಮೂರು ವರ್ಷ ಕಾಲಮಿತಿ ಇರುವುದರಿಂದ, ಟಿಪ್ಪಣಿ ಪುಸ್ತಕಗಳನ್ನೂ ಧ್ವನಿಮುದ್ರಣಗಳನ್ನೂ ಅಷ್ಟು ಕಾಲ ಜೋಪಾನ ಮಾಡುತ್ತೇವೆ. ಹಿಂದೆ ನಮ್ಮ ವರದಿಗಾರರು ಮೊಬೈಲ್ ಬದಲಿಸಿದಾಗಲೆಲ್ಲ ಸಾಕ್ಷ್ಯವೂ ಹೋಗುತ್ತಿತ್ತು.

ಶುಲ್ಕದ ವಿಷಯವನ್ನು ಮುಚ್ಚಿಡಬಾರದು. ನನ್ನಂಥ ಪತ್ರಿಕೆ ಕೊಡುವ ಹಣದಿಂದ ಯಾವ ವಕೀಲರ ಮನೆಯೂ ನಡೆಯುವುದಿಲ್ಲ. ನಮ್ಮ ವಕೀಲರ ಜೀವನ ನಡೆಯುವುದು ಮೋಟಾರು ಅಪಘಾತ ಪರಿಹಾರ ಮತ್ತು ಹಿಸ್ಸೆಯ ದಾವೆಗಳಿಂದ.

ಮುದ್ರಣ ಮತ್ತು ವಕೀಲಿಕೆ ಒಂದೇ ಮನೆಯಲ್ಲಿ ಬಾಳಿದ್ದು ನಮ್ಮೂರಿಗೆ ಹೊಸದಲ್ಲ. ಫ.ಗು. ಹಳಕಟ್ಟಿಯವರು ಇಲ್ಲಿ ವಕೀಲರಾಗಿದ್ದುಕೊಂಡೇ ಹಿತಚಿಂತಕ ಮುದ್ರಣಾಲಯ ನಡೆಸಿದರು, 1926ರಲ್ಲಿ ‘ಶಿವಾನುಭವ’ ಪತ್ರಿಕೆ ಆರಂಭಿಸಿದರು. ಮುದ್ರಣಾಲಯಕ್ಕಾಗಿ ಮನೆಯನ್ನೇ ಮಾರಿದವರು ಅವರು.

ಧಾರವಾಡ ಪೀಠದ ವಕೀಲೆ, ಊರು ಬೈಲಹೊಂಗಲ:

ಹಿರಿಯರು ವಿಚಾರಣಾ ನ್ಯಾಯಾಲಯದ ಬಗ್ಗೆ ಹೇಳಿದ್ದನ್ನು ಒಪ್ಪುತ್ತೇನೆ, ಆದರೆ ಅಲ್ಲಿಗೇ ನಿಲ್ಲಬಾರದು. ಬೆಳಗಾವಿ ಮತ್ತು ಬಾಗಲಕೋಟೆಯ ಪ್ರಕರಣಗಳು ಹೈಕೋರ್ಟಿನ ಧಾರವಾಡ ಪೀಠಕ್ಕೆ ಬರುತ್ತವೆ, ವಿಜಯಪುರದವು ಕಲಬುರಗಿ ಪೀಠಕ್ಕೆ ಹೋಗುತ್ತವೆ. 2008ರಲ್ಲಿ ಸಂಚಾರಿ ಪೀಠಗಳಾಗಿ ಆರಂಭವಾದ ಇವೆರಡೂ 2013ರಲ್ಲಿ ಕಾಯಂ ಆದವು. ಈ ಪೀಠಗಳು ಬರುವ ಮೊದಲು ನಮ್ಮ ಭಾಗದ ಪತ್ರಕರ್ತ ಎಫ್‌ಐಆರ್ ರದ್ದು ಕೋರಿ ಬೆಂಗಳೂರಿಗೇ ಹೋಗಬೇಕಿತ್ತು.

ಈಗ ಮಾನಹಾನಿಗಿಂತ ನನ್ನನ್ನು ಹೆಚ್ಚು ಕಾಡುತ್ತಿರುವುದು ಪೊಲೀಸ್ ಠಾಣೆಯಲ್ಲಿ ನೇರವಾಗಿ ದಾಖಲಾಗುವ ಎಫ್‌ಐಆರ್‌ಗಳು. ಭಾಷೆ, ಗಡಿ, ಜಾತಿಯ ವಿಷಯದ ಒಂದು ಪೋಸ್ಟಿಗೆ ಗುಂಪುಗಳ ನಡುವೆ ದ್ವೇಷ ಬಿತ್ತಿದ ಆರೋಪದ, ನ್ಯಾಯ ಸಂಹಿತೆಯ 196ನೆಯ ಕಲಮು ಹಾಕುವುದು ಸುಲಭ. ಇಂಥಲ್ಲಿ 2025ರ ಮಾರ್ಚ್ 28ರ ಇಮ್ರಾನ್ ಪ್ರತಾಪಗಢಿ ತೀರ್ಪನ್ನು ಕೈಯಲ್ಲಿಟ್ಟುಕೊಂಡಿರಬೇಕು. ಮಾತು ಅಥವಾ ಬರಹಕ್ಕೆ ಸಂಬಂಧಿಸಿದ, ಮೂರರಿಂದ ಏಳು ವರ್ಷದೊಳಗಿನ ಶಿಕ್ಷೆಯ ಅಪರಾಧಗಳಲ್ಲಿ, ಎಫ್‌ಐಆರ್‌ಗೆ ಮುನ್ನ ಹೊಸ ನಾಗರಿಕ ಸುರಕ್ಷಾ ಸಂಹಿತೆಯ 173(3)ರ ಪ್ರಾಥಮಿಕ ವಿಚಾರಣೆ ನಡೆಸುವುದು ಸೂಕ್ತವೆಂದು ಸುಪ್ರೀಂ ಕೋರ್ಟ್ ಅದರಲ್ಲಿ ಹೇಳಿದೆ. ಆ ವಿಚಾರಣೆಗೆ ಹದಿನಾಲ್ಕು ದಿನಗಳ ಗಡುವಿದೆ. ಆ ದಿನಗಳಲ್ಲಿ ಠಾಣೆಗೆ ಲಿಖಿತ ಉತ್ತರ ಕೊಡುವ ವಕೀಲರು ಜಿಲ್ಲೆಯಲ್ಲಿಯೇ ಇರಬೇಕು.

ಇನ್ನೊಂದು ತಡೆಯಾಜ್ಞೆಗಳದು. 2021ರ ಮಾರ್ಚ್‌ನಲ್ಲಿ ರಾಜ್ಯದ ಆರು ಮಂದಿ ಸಚಿವರು ಬೆಂಗಳೂರಿನ ಸಿಟಿ ಸಿವಿಲ್ ನ್ಯಾಯಾಲಯದಿಂದ ಮಾಧ್ಯಮಗಳ ವಿರುದ್ಧ ತಾತ್ಕಾಲಿಕ ತಡೆಯಾಜ್ಞೆ ಪಡೆದದ್ದು ನಿಮಗೆ ನೆನಪಿರಬಹುದು. ಇಂಥ ಏಕಪಕ್ಷೀಯ ಆದೇಶಗಳನ್ನು ತೆರವುಗೊಳಿಸಲು ಸಿವಿಲ್ ಪ್ರಕ್ರಿಯಾ ಸಂಹಿತೆಯ 39ನೆಯ ಆದೇಶದ 4ನೆಯ ನಿಯಮವಿದೆ. ಪೂರ್ಣ ವಿಚಾರಣೆಗೆ ಮುನ್ನ ಬರಹವನ್ನು ತಡೆಯುವಾಗ ಎಷ್ಟು ಎಚ್ಚರ ಬೇಕೆಂಬುದನ್ನು ಸುಪ್ರೀಂ ಕೋರ್ಟಿನ 2024ರ ಬ್ಲೂಮ್‌ಬರ್ಗ್ ತೀರ್ಪು ವಿವರಿಸಿದೆ. ಸಿವಿಲ್ ಕೆಲಸವನ್ನೂ ಕಲಿಯಿರೆಂದು ಹೇಳಲು ಇದೇ ಕಾರಣ.

ಜಮಖಂಡಿಯ ವರದಿಗಾರ:

ಮೂವರಿಗೂ ಹೃತ್ಪೂರ್ವಕ ಧನ್ಯವಾದ. ಒಂದು ಸಂದೇಹ ಉಳಿದಿದೆ. ವಕೀಲಿಕೆಯ ಸನ್ನದು ಪಡೆದ ಮೇಲೂ ವರದಿಗಾರಿಕೆಯನ್ನು ಮುಂದುವರಿಸಬಹುದೇ? ಅದನ್ನು ಬಿಟ್ಟರೆ ತಿಂಗಳಿಗೆ ಬರುವ ಅಲ್ಪ ಆದಾಯವೂ ನಿಲ್ಲುತ್ತದೆ.

ಬೆಳಗಾವಿಯ ಹಿರಿಯ ವಕೀಲ:

ಬಿಡುವುದೇ ಕ್ಷೇಮ. ವಕೀಲರು ಪೂರ್ಣಾವಧಿ ಸಂಬಳದ ನೌಕರಿ ಮಾಡುವಂತಿಲ್ಲವೆಂದು ವಕೀಲರ ಪರಿಷತ್ತಿನ 49ನೆಯ ನಿಯಮ ಹೇಳುತ್ತದೆ. 51ನೆಯ ನಿಯಮದಲ್ಲಿ ಪತ್ರಿಕೋದ್ಯಮಕ್ಕೆ ಷರತ್ತಿನ ಅವಕಾಶವಿದ್ದರೂ, ವೃತ್ತಿನಿರತ ವಕೀಲರು ಪತ್ರಕರ್ತರಾಗಿಯೂ ಕೆಲಸ ಮಾಡಲಾಗದೆಂಬ ನಿಲುವನ್ನು ಭಾರತೀಯ ವಕೀಲರ ಪರಿಷತ್ತು 2024ರಲ್ಲಿ ಸುಪ್ರೀಂ ಕೋರ್ಟಿನ ಮುಂದೆ ತಿಳಿಸಿದೆ. ಸನ್ನದಿನ ಮೊದಲ ವರ್ಷದಲ್ಲೇ ಆ ವಿವಾದಕ್ಕೆ ನೀವು ಸಿಲುಕುವುದು ಬೇಡ.

ಆದರೆ ಅದೇ 51ನೆಯ ನಿಯಮ, ಪತ್ರಿಕೆಗಳಿಗಾಗಿ ಪ್ರಕಟಣಪೂರ್ವ ಪರಿಶೀಲನೆ ಮಾಡಿ ಶುಲ್ಕ ಪಡೆಯಲು ವಕೀಲರಿಗೆ ಸ್ಪಷ್ಟವಾಗಿ ಅವಕಾಶ ಕೊಡುತ್ತದೆ. ವಿಜಯಪುರದ ಸಂಪಾದಕಿಯವರು ಹೇಳಿದ ಗುರುವಾರ ರಾತ್ರಿಯ ಕೆಲಸ ಅದೇ. ನೋಂದಣಿ ಶುಲ್ಕದ ಹೆಸರಿನಲ್ಲಿ ಹೆಚ್ಚು ಹಣ ಕೇಳಿದರೆ ಸುಪ್ರೀಂ ಕೋರ್ಟಿನ 2024ರ ಜುಲೈ 30ರ ತೀರ್ಪನ್ನು ತೋರಿಸಿ. ಸಾಮಾನ್ಯ ವರ್ಗಕ್ಕೆ 750 ರೂಪಾಯಿ, ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ 125 ರೂಪಾಯಿ ಮೀರುವಂತಿಲ್ಲ.

ಪರೀಕ್ಷೆ ಮುಗಿದ ಮೇಲೆ ನಿಮ್ಮ ಹಳೆಯ ಪ್ರಕರಣದ ಕಡತವನ್ನು ತೆಗೆದುಕೊಂಡು ಒಂದು ಶನಿವಾರ ಬೆಳಗಾವಿಗೆ ಬನ್ನಿ. ದೂರಿನ ಪ್ರತಿ, ನಿಮ್ಮ ವರದಿ, ಆಗ ನಿಮ್ಮ ಬಳಿ ಇದ್ದ ಬಿಲ್ಲಿನ ನಕಲು, ಈ ಮೂರನ್ನೂ ಮೇಜಿನ ಮೇಲಿಟ್ಟುಕೊಂಡು ಸಾಲುಸಾಲಾಗಿ ಓದೋಣ.