ಎವರೆಸ್ಟ್ ಹತ್ತಿದವ್ರಿಗೆ ಮಗು ಕೇಳೋ ಪ್ರಶ್ನೆಗಳು, ಇದನ್ನೆಲ್ಲ ಕೇಳ್ಬೋದಾ?

ಪುಟ್ಟಿಅಪ್ಪ:
ಮಗಳಿಗೆ ಎಂಟು ವರ್ಷ. ಮುಂದಿನ ವಾರ ಅವಳ ಸ್ಕೂಲ್ ಮಕ್ಕಳ ಜೊತೆ ಎವರೆಸ್ಟ್ ಹತ್ತಿ ಬಂದಿರೋ ಫೇಮಸ್ ಪರ್ವತಾರೋಹಿ ಒಬ್ರು ಆನ್‌ಲೈನಲ್ಲಿ ಮಾತಾಡ್ತಾರಂತೆ, ಮೂರು ಪ್ರಶ್ನೆ ಬರ್ಕೊಂಡು ಬನ್ನಿ ಅಂದಿದಾರೆ. ನಾನು "ನಿಮಗೆ ಸ್ಫೂರ್ತಿ ಯಾರು", "ಸಾಧನೆಗೆ ಏನು ಬೇಕು" ಅಂತೆಲ್ಲ ನೀಟಾಗಿ ಬರ್ಕೊಟ್ಟೆ, ಅವಳು ಆ ಹಾಳೇಲಿ ರಾಕೆಟ್ ಮಾಡಿ ಹಾರಿಸ್ಬಿಟ್ಟು ತಾನೇ ಬರ್ದಿರೋದು ನೋಡಿ: ಮೇಲೆ ಉಚ್ಚೆ ಬಂದ್ರೆ ಏನ್ ಮಾಡ್ತೀರ? ತುದೀಲಿ ಎಷ್ಟೊತ್ತು ಕೂತಿದ್ರಿ, ಬೋರ್ ಆಗ್ಲಿಲ್ವಾ? ದಾರೀಲಿ ಸತ್ತೋದವರು ಹಾಗೇ ಬಿದ್ದಿರ್ತಾರಂತೆ, ನೀವು ನೋಡಿದ್ರಾ?
ಮೂರನೇದು ಇವಳಿಗೆ ಯಾರು ಹೇಳಿದ್ರೋ ಗೊತ್ತಿಲ್ಲ. ಅಷ್ಟು ದೊಡ್ಡವರ ಹತ್ರ ಹಿಂಗೆಲ್ಲ ಕೇಳಿದ್ರೆ ಚೆನ್ನಾಗಿರುತ್ತಾ?

ಹಗ್ಗ_ಗಂಟು:
ಸರ್ ಉಚ್ಚೆ ಪ್ರಶ್ನೆ ದಯವಿಟ್ಟು ತೆಗೀಬೇಡಿ!! ಸ್ಫೂರ್ತಿ ಪ್ರಶ್ನೆಗೆ ಅವ್ರು ನಿದ್ದೇಲೂ ಉತ್ತರ ಹೇಳ್ತಾರೆ, ಇದಕ್ಕೆ ಮಾತ್ರ ನಿಜವಾದ ಕಥೆ ಬರುತ್ತೆ. ನಾನು ಪರ್ವತಾರೋಹಣದ ಒಂದೇ ಒಂದು ಬೇಸಿಕ್ ಕೋರ್ಸ್ ಮಾಡಿರೋನು ಅಷ್ಟೇ, ಆದ್ರೂ ಹೇಳ್ತೀನಿ, ಎತ್ತರದಲ್ಲಿ ನೀರು ಜಾಸ್ತಿ ಕುಡೀಲೇಬೇಕು, ಕುಡಿದ್ರೆ ರಾತ್ರಿ ಏಳ್ಲೇಬೇಕು, ಆ ಚಳೀಲಿ ಸ್ಲೀಪಿಂಗ್ ಬ್ಯಾಗ್ ಬಿಟ್ಟು ಶೂ ಹಾಕ್ಕೊಂಡು ಟೆಂಟಿಂದ ಹೊರಗೆ ಹೋಗೋದು ಯಾರಿಗೆ ಬೇಕು, ಅದಕ್ಕೆ ಒಳಗೇ ಒಂದು ಬಾಟ್ಲಿ ಇಟ್ಕೊಂಡಿರ್ತೀವಿ. ಕುಡಿಯೋ ನೀರಿನ ಬಾಟ್ಲಿಗಿಂತ ಬೇರೆ ಆಕಾರದ್ದು ಇರ್ಬೇಕು, ಕತ್ತಲಲ್ಲಿ ಮುಟ್ಟಿದ್ರೆ ಗೊತ್ತಾಗ್ಬೇಕಲ್ಲ. ಯಾಕೆ ಅಂತ ಕೇಳ್ಬೇಡಿ.
ಶೂನೂ ಹೊರಗಿಡೋ ಹಾಗಿಲ್ಲ. 1953ರಲ್ಲಿ ಹಿಲರಿ ರಾತ್ರಿ ಬೂಟ್ ಬಿಚ್ಚಿಟ್ಟು ಮಲಗಿದ್ರು, ಬೆಳಿಗ್ಗೆ ನೋಡಿದ್ರೆ ಕಲ್ಲಾಗಿದೆ, ಸ್ಟೌ ಮೇಲೆ ಹಿಡಿದು ಮೆತ್ತಗೆ ಮಾಡೋಕೆ ಎರಡು ಗಂಟೆ ಹಿಡೀತು, ಅದೂ ತುದಿ ಮುಟ್ಟಿದ ದಿನಾನೇ.
ಬೋರ್ ಆಗೋಷ್ಟು ಟೈಮ್ ಅಲ್ಲಿ ಯಾರಿಗೂ ಸಿಗಲ್ಲ. ತೇನ್‌ಸಿಂಗ್, ಹಿಲರಿ ಮೇಲಿದ್ದಿದ್ದು ಸುಮಾರು 15 ನಿಮಿಷ. ಸಮುದ್ರ ಮಟ್ಟದಲ್ಲಿ ಸಿಗೋ ಆಕ್ಸಿಜನ್‌ನ ಮೂರನೇ ಒಂದು ಭಾಗ ಅಷ್ಟೇ ಅಲ್ಲಿ ಸಿಗೋದು, ಬೆನ್ನ ಮೇಲಿನ ಸಿಲಿಂಡರ್ ಖಾಲಿ ಆಗ್ತಾ ಇರುತ್ತೆ, ಇಳಿಯೋಕೆ ಬೇರೆ ಉಳಿಸ್ಕೋಬೇಕು.

ಸ್ಟಾಫ್‌ರೂಮ್:
ನಾನು ಟೀಚರ್. ಮೊದಲೆರಡು ಓಕೆ, ಮೂರನೇದು ನನಗೆ ಇಷ್ಟ ಆಗ್ಲಿಲ್ಲ. ಸತ್ತವರಲ್ಲಿ ಅವ್ರ ಫ್ರೆಂಡೇ ಇರ್ಬೋದು, ನೂರು ಮಕ್ಕಳ ಮುಂದೆ ಕೇಳೋದಲ್ಲ ಅದು. ಆದ್ರೆ ಮಗೂಗೆ "ಶ್ ಸುಮ್ನಿರು" ಅಂತಾನೂ ಹೇಳ್ಬೇಡಿ, ಮನೇಲೇ ಕೂರಿಸ್ಕೊಂಡು ಹೇಳಿ. 8000 ಮೀಟರ್ ಮೇಲೆ ತನ್ನ ಕಾಲು ತಾನು ಎತ್ತಿಡೋದೇ ಕಷ್ಟ, ಒಬ್ರನ್ನ ಹೊತ್ತು ಇಳಿಸೋಕೆ ಹೋದ್ರೆ ಇನ್ನೂ ನಾಲ್ಕು ಜನರ ಜೀವಕ್ಕೆ ಅಪಾಯ, ಹಂಗಾಗಿ ಎಷ್ಟೋ ಜನ ಅಲ್ಲೇ ಉಳಿದಿದಾರೆ. ಎವರೆಸ್ಟ್ ಹತ್ತೋಕೆ ಹೋಗಿ 1924ರಲ್ಲಿ ಕಾಣೆಯಾದ ಪರ್ವತಾರೋಹಿ ಮ್ಯಾಲರಿ ಅವರ ದೇಹ ಸಿಕ್ಕಿದ್ದೇ 1999ರಲ್ಲಿ.
ಬೇಕಿದ್ರೆ "ತುದಿ ಹತ್ರ ಹೋಗಿ ವಾಪಸ್ ಬಂದಿದ್ದು ಇದೆಯಾ" ಅಂತ ಕೇಳಿಸಿ.

ಹಗ್ಗ_ಗಂಟು:
ಟೀಚರ್ ಹೇಳಿದ್ದು ಸರಿ, ಒಪ್ದೆ. ಇನ್ನೊಂದು ಬೇಕಾದ್ರೆ "ಫೋಟೋ ತೆಗೆದಿದ್ದು ಯಾರು" ಅಂತ ಕೇಳ್ಲಿ. 1953ರ ತುದಿ ಫೋಟೋದಲ್ಲಿರೋದು ತೇನ್‌ಸಿಂಗ್, ಕ್ಯಾಮೆರಾ ಹಿಡಿದಿದ್ದ ಹಿಲರಿ ಅವರದ್ದು ತುದೀಲಿ ನಿಂತಿರೋ ಒಂದು ಫೋಟೋನೂ ಇಲ್ಲ 😄

ಪುಟ್ಟಿಅಪ್ಪ:
ಥ್ಯಾಂಕ್ಸ್ ಎಲ್ರಿಗೂ. ನಿನ್ನೆ ರಾತ್ರಿ ಕೂತು ಹೇಳ್ದೆ, ಸುಮ್ನೆ ಕೇಳಿಸ್ಕೊಂಡ್ಳು, ಆಮೇಲೆ ಮೂರನೇದನ್ನ ತಾನೇ ಹೊಡೆದಾಕಿ ಹೊಸದು ಬರ್ದಿದಾಳೆ, "ನಿಮ್ ಬ್ಯಾಗ್ ಯಾರು ಹೊತ್ಕೊಂಡ್ರು?"

ಸ್ಟಾಫ್‌ರೂಮ್:
ಅಯ್ಯೋ, ಇದು ಮೂರನೇದಕ್ಕಿಂತ ಖಾರ!

ಹಗ್ಗ_ಗಂಟು:
ಕೇಳ್ಲಿ ಬಿಡಿ ಟೀಚರ್. ಹಗ್ಗ ಕಟ್ಟೋರು, ಖುಂಬು ಐಸ್‌ಫಾಲಲ್ಲಿ, ಅಂದ್ರೆ ಬಿರುಕು ಬಿಟ್ಟಿರೋ ಹಿಮನದಿ ಇಳಿಜಾರಲ್ಲಿ, ಏಣಿ ಹಾಕೋರು, ಸಿಲಿಂಡರ್ ಮೇಲೆ ಸಾಗಿಸೋರು ಎಲ್ಲ ಶೆರ್ಪಾಗಳೇ, ಪೇಪರಲ್ಲಿ ಬರೋದು ಮಾತ್ರ ಒಬ್ರ ಹೆಸರು. ಒಳ್ಳೆ ಪರ್ವತಾರೋಹಿ ಆಗಿದ್ರೆ ಹೆಸರು ಹಿಡಿದು ಹೇಳ್ತಾರೆ. ಏನು ಹೇಳಿದ್ರು ಅಂತ ಬಂದು ಬರೀರಿ ಸರ್.

ಪುಟ್ಟಿಅಪ್ಪ:
ಖಂಡಿತ. ಆದ್ರೆ ಮೊದಲು ಕೇಳೋದು ಉಚ್ಚೇದೇ ಅಂತೆ, ಎರಡು ಗೆರೆ ಎಳೆದಿಟ್ಟಿದಾಳೆ.