ಯುವ ಸಂಶೋಧಕರ ಪ್ರಶಸ್ತಿಗೆ ಅರ್ಜಿ: ಆ ಒಂದು ಪುಟದಲ್ಲಿ ಏನು ಬರೆಯೋದು?

ಬೇಸ್‌ಲೈನ್
ಪಿಎಚ್‌ಡಿ ಮುಗಿದು ನಾಲ್ಕು ವರ್ಷ ಆಯಿತು. ವಿಶ್ಲೇಷಣಾ ರಸಾಯನಶಾಸ್ತ್ರದ ಯುವ ಸಂಶೋಧಕರ ಪ್ರಶಸ್ತಿಗೆ ಅರ್ಜಿ ಹಾಕು ಅಂತ ಗೈಡ್ ಬೆನ್ನು ಹತ್ತಿದ್ದಾರೆ. ಕೆಲಸದ ಬಗ್ಗೆ ಒಂದೇ ಪುಟ, ಜೊತೆಗೆ ಎರಡು ಶಿಫಾರಸು ಪತ್ರ. ನನ್ನದು ಕೆರೆ ನೀರಿನಲ್ಲಿ ಕೀಟನಾಶಕ ಅಳೆಯುವ ವಿಧಾನ, ಎಲ್‌ಸಿ-ಎಂಎಸ್ (ದ್ರವದಲ್ಲಿರುವ ಅಂಶಗಳನ್ನು ಕಾಲಂ ಎಂಬ ಕೊಳವೆಯಲ್ಲಿ ಬೇರ್ಪಡಿಸಿ, ಅಯಾನ್ ಮಾಡಿ ಅಳೆಯುವ ಯಂತ್ರ) ಮೇಲೆ. ಹೊಸ ಉಪಕರಣ ಕಟ್ಟಿಲ್ಲ, ಹೊಸ ಸಿದ್ಧಾಂತವೂ ಇಲ್ಲ. ಲೀನಿಯಾರಿಟಿ, ರಿಕವರಿ, ಆರ್‌ಎಸ್‌ಡಿ ಅಂತ, ಅಂದರೆ ವಿಧಾನ ಎಷ್ಟು ನಂಬಬಹುದು ಅಂತ ತೋರಿಸುವ ಅಂಕಿಗಳ, ಪುಟದ ತುಂಬ ಟೇಬಲ್ ಹಾಕಿ ಓದಿದರೆ ನನಗೇ ನಿದ್ದೆ ಬಂತು. ಇಂಥ ಕೆಲಸಕ್ಕೆ ಯಾರಾದರೂ ಪ್ರಶಸ್ತಿ ಕೊಡುತ್ತಾರಾ?

ಹಳೇ ಬ್ಯುರೆಟ್
ಎರಡು ಸಲ ಆಯ್ಕೆ ಸಮಿತಿಯಲ್ಲಿ ಕೂತಿದ್ದೆ, ಆ ಅನುಭವದಲ್ಲಿ ಹೇಳುತ್ತೇನೆ. ಮೊದಲು ಆ ಟೇಬಲ್ ತೆಗೆಯಿರಿ. ವ್ಯಾಲಿಡೇಷನ್ (ವಿಧಾನ ಸರಿಯಿದೆ ಅಂತ ಪರೀಕ್ಷಿಸಿ ತೋರಿಸೋದು) ಇರಲೇಬೇಕಾದ್ದು, ಅದು ಸಾಧನೆ ಅಲ್ಲ. ಎಲ್‌ಒಡಿ (ಪತ್ತೆ ಹಚ್ಚಬಲ್ಲ ಅತಿ ಕಡಿಮೆ ಪ್ರಮಾಣ) ಇಷ್ಟು ಕಡಿಮೆ ಅಂತ ಎಲ್ಲರೂ ಬರೆಯುತ್ತಾರೆ, ಆದರೆ ಶುದ್ಧ ದ್ರಾವಕದಲ್ಲಿ ಕ್ಯಾಲಿಬ್ರೇಷನ್ ಮಾಡಿ (ಗೊತ್ತಿರುವ ಪ್ರಮಾಣಗಳಿಗೆ ಸಿಗ್ನಲ್ ಎಷ್ಟು ಅಂತ ಗೆರೆ ಎಳೆದು), 3.3 ಸಿಗ್ಮಾವನ್ನು (ಅಳತೆಯ ಏರಿಳಿತದ 3.3 ಪಟ್ಟನ್ನು) ಆ ಗೆರೆಯ ಸ್ಲೋಪ್‌ನಿಂದ ಭಾಗಿಸಿ ತೆಗೆದ ಸಂಖ್ಯೆಯನ್ನು ಕೆರೆ ನೀರಿಗೂ ಹಚ್ಚಿದರೆ ಅದು ಅಲ್ಲಿಗೆ ಹೊಂದಲ್ಲ ಅಂತ ಓದುವವರಿಗೆ ತಕ್ಷಣ ಗೊತ್ತಾಗುತ್ತದೆ. ನಿಮಗೆ ಎಲ್ಲಿ ಕೈಕೊಟ್ಟಿತು, ಹೇಗೆ ಬಿಡಿಸಿದಿರಿ, ಅದನ್ನು ಹೇಳಿ. ಅಲ್ಲೇ ಇರುತ್ತದೆ ನಿಮ್ಮ ಕೆಲಸ.

ಪೀಕ್ ನೋಡುವವಳು
ಇನ್ನೊಂದು. ಪುಟದಲ್ಲಿ "ನಾವು" ಜಾಸ್ತಿ ಇದ್ದರೆ ಗೈಡ್ ಕೆಲಸ ಯಾವುದು, ನಿಮ್ಮದು ಯಾವುದು ಅಂತ ತಿಳಿಯೋದಿಲ್ಲ. ಎರಡು ಪತ್ರಗಳಲ್ಲಿ ಒಂದಾದರೂ ಹೊರಗಿನವರದ್ದಿರಲಿ. ಅರ್ಹತೆಯ ನಿಯಮವನ್ನೂ ಸರಿಯಾಗಿ ನೋಡಿ. ಅಮೆರಿಕನ್ ಕೆಮಿಕಲ್ ಸೊಸೈಟಿಯ ವಿಶ್ಲೇಷಣಾ ವಿಭಾಗ ಕೊಡುವ ಫಿಂಡೈಸ್ ಪ್ರಶಸ್ತಿ ಡಿಗ್ರಿ ಆದ ಮೇಲಿನ ವರ್ಷ ಎಣಿಸುತ್ತದೆ, ಮರ್ಕ್‌ನವರ ವಿಶ್ಲೇಷಣಾ ಪ್ರಶಸ್ತಿ ವಯಸ್ಸು ನೋಡುತ್ತದೆ. ನಡುವೆ ರಜೆ ತೆಗೆದುಕೊಂಡಿದ್ದರೆ ಅದನ್ನು ಲೆಕ್ಕದಿಂದ ಬಿಡುತ್ತಾರಾ ಅಂತ ಒಂದು ಮೇಲ್ ಹಾಕಿ ಕೇಳಿ, ಸಂಕೋಚ ಬೇಡ.

ಸೋಡಿಯಂ ದೀಪ
ಎಲ್ಲ ಸರಿ, ಕೊನೆಗೆ ಪ್ರಶಸ್ತಿ ಹೋಗೋದು ದೊಡ್ಡ ಮಷೀನ್ ಇರುವ ಲ್ಯಾಬ್‌ಗೇ ಅಲ್ವಾ? ಸುಮ್ನೆ ಆಸೆ ಹುಟ್ಟಿಸಬೇಡಿ.

ಹಳೇ ಬ್ಯುರೆಟ್
ಹೋಗುತ್ತದೆ, ಇಲ್ಲ ಅನ್ನಲ್ಲ. ಹಾಗಂತ ಅದೇ ನಿಯಮ ಅಲ್ಲ. ಕೊಯಿಚಿ ತನಾಕಾ 1985ರಲ್ಲಿ ಶಿಮಾಡ್ಜು ಕಂಪನಿಯ ಎಂಜಿನಿಯರ್, ವಯಸ್ಸು 25, ಪಿಎಚ್‌ಡಿ ಇಲ್ಲ. ಕೋಬಾಲ್ಟ್ ಪುಡಿಗೆ ತಪ್ಪಿ ಗ್ಲಿಸರಾಲ್ ಬೆರೆಸಿಬಿಟ್ಟರು. ಎಸೆಯೋಕೆ ಮನಸ್ಸು ಬರದೆ ಅದನ್ನೇ ಲೇಸರ್‌ಗೆ ಒಡ್ಡಿ ನೋಡಿದರು, ದೊಡ್ಡ ಅಣು ಒಡೆಯದೆ ಅಯಾನ್ (ವಿದ್ಯುದಾವೇಶ ಇರುವ ಕಣ) ಆಗಿ ಬಂತು. 2002ರಲ್ಲಿ ನೊಬೆಲ್! ಎಲ್ಲರಿಗೂ ಹೀಗಾಗಲ್ಲ ಬಿಡಿ. ಬೇಸ್‌ಲೈನ್ ಅವರೇ, ನಿಮಗೆ ಕೈಕೊಟ್ಟಿದ್ದು ಎಲ್ಲಿ?

ಬೇಸ್‌ಲೈನ್
ಕೆರೆ ನೀರಿನಲ್ಲಿ ಸಿಗ್ನಲ್ ಅರ್ಧಕ್ಕೆ ಇಳಿಯುತ್ತಿತ್ತು. ಮೂರು ತಿಂಗಳು ಎಕ್ಸ್‌ಟ್ರ್ಯಾಕ್ಷನ್ (ನೀರಿನಿಂದ ಕೀಟನಾಶಕ ಬೇರ್ಪಡಿಸಿ ತೆಗೆಯೋದು) ಸರಿಯಿಲ್ಲ ಅಂತ ಅದಕ್ಕೆ ಬಳಸುವ ಕಾರ್ಟ್ರಿಡ್ಜ್ ಬದಲಾಯಿಸಿದ್ದೇ ಬಂತು. ಕೊನೆಗೆ ಕಾಲಂ ಆದಮೇಲೆ ಒಂದು ಟೀ (T ಆಕಾರದ ಕೊಳವೆ ಜೋಡಣೆ) ಹಾಕಿ, ಸಿರಿಂಜ್ ಪಂಪ್‌ನಿಂದ ಸ್ಟ್ಯಾಂಡರ್ಡ್ (ಪ್ರಮಾಣ ಗೊತ್ತಿರುವ ಕೀಟನಾಶಕದ ದ್ರಾವಣ) ಒಂದೇ ಸಮ ಬಿಡುತ್ತಲೇ, ಕೀಟನಾಶಕ ಇಲ್ಲದ ಕೆರೆ ನೀರಿನ ಎಕ್ಸ್‌ಟ್ರ್ಯಾಕ್ಟ್ ಇಂಜೆಕ್ಟ್ ಮಾಡಿದೆ. ಸಪಾಟಾಗಿ ಬರಬೇಕಾದ ಗೆರೆ 3ರಿಂದ 4ನೇ ನಿಮಿಷದ ನಡುವೆ ದೊಪ್ಪನೆ ಕುಸಿಯಿತು. ನನ್ನ ಪೀಕ್ (ಕೀಟನಾಶಕದ ಸಿಗ್ನಲ್ ಏಳುವ ಜಾಗ) ಸರಿಯಾಗಿ ಆ ಗುಂಡಿಯೊಳಗೇ ಕೂತಿತ್ತು! ಕೊಳೆತ ಗಿಡಮರಗಳಿಂದ ನೀರಿಗೆ ಸೇರುವ ಹ್ಯೂಮಿಕ್ ಆಮ್ಲದ ಕಾಟ, ಅದು ಅದೇ ಹೊತ್ತಿಗೆ ಹೊರಬಂದು ಸಿಗ್ನಲ್ ಅಡಗಿಸುತ್ತಿತ್ತು. ಗ್ರೇಡಿಯಂಟ್ (ಕಾಲಂನಲ್ಲಿ ಹರಿಯುವ ದ್ರಾವಕದ ಮಿಶ್ರಣ ಬದಲಾಗುವ ವೇಗ) ನಿಧಾನ ಮಾಡಿ ಪೀಕನ್ನು 6ನೇ ನಿಮಿಷದಾಚೆ ತಳ್ಳಿದೆ, ಸಿಗ್ನಲ್ ವಾಪಸ್ ಬಂತು. ಇದನ್ನು ಥೀಸಿಸ್‌ನಲ್ಲಿ ಎರಡೇ ಸಾಲು ಬರೆದಿದ್ದೆ.

ಪೀಕ್ ನೋಡುವವಳು
ಅಯ್ಯೋ, ಇದನ್ನಾ ಎರಡು ಸಾಲಿನಲ್ಲಿ ಮುಗಿಸಿದ್ದು? ಆ ಕುಸಿದ ಗೆರೆಯ ಚಿತ್ರವನ್ನೇ ಪುಟದ ಮೇಲೆ ಹಾಕಿ.

ಹಳೇ ಬ್ಯುರೆಟ್
ಹೌದು. ಶಿಫಾರಸು ಬರೆಯುವವರಿಗೂ ಈಗ ಬರೆದ ಪ್ಯಾರಾ ಇವತ್ತೇ ಕಳಿಸಿ. ಇಲ್ಲದಿದ್ದರೆ ಅವರು "ಶ್ರಮಜೀವಿ, ಸಮಯಪಾಲಕ" ಅಂತ ಬರೆದು ಕೈತೊಳೆದುಕೊಳ್ಳುತ್ತಾರೆ.