ಹೊಸ ಬ್ಯಾಟರಿ, ಮಂಕು ದೀಪ: ಭಾವನವರ ಕಾರಿಗೆ ಒಂದು ಉತ್ತರ

ಭಾವ, ನಮಸ್ಕಾರ. ನೀವು ಬೆಳಿಗ್ಗೆ ಗುಂಪಿನಲ್ಲಿ ಹಾಕಿದ್ದನ್ನೂ ಅದರ ಕೆಳಗೆ ಎಲ್ಲರೂ ಕೊಟ್ಟ ಸಲಹೆಗಳನ್ನೂ ಈಗಷ್ಟೇ ಓದಿದೆ. ಟೈಪು ಮಾಡಿದರೆ ಮುಗಿಯುವುದಿಲ್ಲವೆಂದು ಮಾತಿನಲ್ಲೇ ಹೇಳುತ್ತಿದ್ದೇನೆ. ಸ್ವಲ್ಪ ದೀರ್ಘವಾಗುತ್ತದೆ, ಸಾಧ್ಯವಾದರೆ ಕಾರಿನ ಪಕ್ಕದಲ್ಲೇ ನಿಂತು ಕೇಳಿ. ನೀವು ಹೇಳಿದ್ದು ಇಷ್ಟು. ಯುಗಾದಿಗೆ ಮುಂಚೆ ಹೊಸ ಬ್ಯಾಟರಿ ಹಾಕಿಸಿದರೂ ಎರಡು ದಿನ ನಿಲ್ಲಿಸಿದರೆ ಸೆಲ್ಫ್ ತಿರುಗುವುದಿಲ್ಲ. ರಾತ್ರಿ ಹೆಬ್ಬಾಳದ ಟ್ರಾಫಿಕ್ಕಿನಲ್ಲಿ ಹೆಡ್‌ಲೈಟು, ಬ್ಲೋವರ್ ಹಾಕಿಕೊಂಡು ನಿಂತಾಗ ಬ್ಯಾಟರಿ ಚಿತ್ರದ ಕೆಂಪು ದೀಪ ಮಂಕಾಗಿ ಉರಿಯುತ್ತದೆ, ಆಕ್ಸಿಲರೇಟರ್ ಒತ್ತಿದರೆ ಆರುತ್ತದೆ. ಬ್ಯಾಟರಿ ಅಂಗಡಿಯವರು ಬ್ಯಾಟರಿಯಲ್ಲಿ ದೋಷವಿಲ್ಲ ಎನ್ನುತ್ತಾರೆ. ಗ್ಯಾರೇಜಿನವರು, ಎಂಜಿನ್ ಓಡುವಾಗ ವಿದ್ಯುತ್ತು ಹುಟ್ಟಿಸುವ ಆಲ್ಟರ್ನೇಟರನ್ನೇ ಇಡಿಯಾಗಿ ಬದಲಿಸಬೇಕು ಎನ್ನುತ್ತಾರೆ. ಈ ಎರಡೂ ತೊಂದರೆಗಳಿಗೆ ಒಂದೇ ಕಾರಣ ಇರಬಹುದೆಂದು ನನಗೆ ಬಲವಾಗಿ ಅನ್ನಿಸುತ್ತದೆ, ಮತ್ತು ಅದು ನಿಜವಾದರೆ ಇಡೀ ಆಲ್ಟರ್ನೇಟರ್ ಕೊಳ್ಳುವ ಅಗತ್ಯವಿಲ್ಲ. ಆದರೆ ಅದನ್ನು ಅಳೆದೇ ತಿಳಿಯಬೇಕು. ಎಸ್.ಪಿ. ರಸ್ತೆಯಲ್ಲಿ ಸಿಗುವ ಸಾಧಾರಣ ಡಿಜಿಟಲ್ ಮಲ್ಟಿಮೀಟರ್ ಸಾಕು.

ಮೊದಲು ಗುಂಪಿನಲ್ಲಿ ಬಂದ ಎರಡು ಸಲಹೆಗಳ ಬಗ್ಗೆ. ಚಿಕ್ಕಪ್ಪ ದೊಡ್ಡ ಬ್ಯಾಟರಿ ಹಾಕಿಸಿ ಎಂದಿದ್ದಾರೆ. ಸಂಪಿನಿಂದ ಮೋಟಾರು ನೀರೆತ್ತದೇ ಇರುವಾಗ ಮೇಲಿನ ಟ್ಯಾಂಕನ್ನು ದೊಡ್ಡದು ಮಾಡಿಸಿ ಏನು ಫಲ? ಇಲ್ಲಿಯೂ ಹಾಗೆಯೇ. ಬ್ಯಾಟರಿ ಎಂಜಿನ್ನನ್ನು ಎಬ್ಬಿಸುತ್ತದೆ, ಆಮೇಲೆ ದೀಪ, ಫ್ಯಾನು, ಪೆಟ್ರೋಲ್ ಸಿಂಪಡಿಸುವ ಇಂಜೆಕ್ಟರು, ಎಂಜಿನ್ನಿನ ಕಂಪ್ಯೂಟರಾದ ಇಸಿಯು ಎಲ್ಲವನ್ನೂ ಸಾಕುವುದರ ಜೊತೆಗೆ ಬ್ಯಾಟರಿಯಿಂದ ಹೋದದ್ದನ್ನು ತುಂಬಿಕೊಡಬೇಕಾದದ್ದು ಆಲ್ಟರ್ನೇಟರ್. ಇನ್ನು ಮಾವನವರು, ಎಂಜಿನ್ ಓಡುತ್ತಿರುವಾಗ ಬ್ಯಾಟರಿಯ ಟರ್ಮಿನಲ್ ಕಳಚಿ ನೋಡಿ, ಎಂಜಿನ್ ನಿಲ್ಲದಿದ್ದರೆ ಚಾರ್ಜಿಂಗ್ ಸರಿಯಿದೆ ಎಂದು ಬರೆದಿದ್ದಾರೆ. ಅವರ ಹಳೆಯ ಕಾರಿಗೆ ಆ ಪರೀಕ್ಷೆ ನಡೆಯುತ್ತಿತ್ತೇನೋ, ಈಗಿನ ಕಾರಿನಲ್ಲಿ ದಯವಿಟ್ಟು ಯಾರೂ ಮಾಡಬೇಡಿ. ಬ್ಯಾಟರಿ ಇರುವಾಗ ಅದು ವೋಲ್ಟೇಜಿನ ಏರಿಳಿತವನ್ನು ಹೀರಿಕೊಳ್ಳುತ್ತದೆ. ಅದನ್ನು ಹಠಾತ್ತನೆ ಕಿತ್ತರೆ ಆಲ್ಟರ್ನೇಟರಿನ ವೋಲ್ಟೇಜ್ ಕ್ಷಣಮಾತ್ರದಲ್ಲಿ ಹಲವು ಪಟ್ಟು ಜಿಗಿದು, ವಿದ್ಯುತ್ತನ್ನು ಒಂದೇ ದಿಕ್ಕಿಗೆ ಬಿಡುವ ಅದರದೇ ಡಯೋಡುಗಳನ್ನೂ ಇಸಿಯುವನ್ನೂ ಸುಡಬಲ್ಲದು.

ಈಗ ಅಳತೆ. ಮೀಟರನ್ನು ಡಿಸಿ 20 ವೋಲ್ಟಿಗೆ ಇಟ್ಟು, ರಾತ್ರಿಯಿಡೀ ನಿಂತ ಕಾರಿನ ಬ್ಯಾಟರಿಯ ಎರಡು ಕಂಬಗಳ ಮೇಲೆ ಕಡ್ಡಿ ಇಡಿ. ಕಂಬವನ್ನು ಹಿಡಿದಿರುವ ತಂತಿಯ ಕ್ಲಾಂಪಿನ ಮೇಲೆ ಅಲ್ಲ, ಸೀಸದ ಕಂಬದ ಮೇಲೆಯೇ. 12.6 ವೋಲ್ಟ್ ಬಂದರೆ ಬ್ಯಾಟರಿ ತುಂಬಿದೆ, 12.2 ಎಂದರೆ ಸುಮಾರು ಅರ್ಧ, 12ಕ್ಕಿಂತ ಕೆಳಗೆ ಬಂದರೆ ಹೆಚ್ಚುಕಡಿಮೆ ಖಾಲಿ. ನಂತರ ಎಂಜಿನ್ ಹೊಡೆಸಿ, ಸುಮಾರು 2000 ಆರ್‌ಪಿಎಂನಲ್ಲಿ, ಅಂದರೆ ನಿಮಿಷಕ್ಕೆ ಅಷ್ಟು ಸುತ್ತಿನ ವೇಗದಲ್ಲಿ, ಹಿಡಿಯಿರಿ. ಆಗ ಅದೇ ಜಾಗದಲ್ಲಿ 13.8ರಿಂದ 14.5ರವರೆಗೆ ಕಾಣಬೇಕು. ಅಲ್ಲಿಂದ ಹೆಡ್‌ಲೈಟು, ಬ್ಲೋವರ್, ಹಿಂದಿನ ಗಾಜಿನ ಮಬ್ಬು ತೆಗೆಯುವ ಡಿಫಾಗರ್ ಎಲ್ಲ ಹಾಕಿ, ಆಕ್ಸಿಲರೇಟರ್ ಮುಟ್ಟದೆ ಐಡಲ್‌ಗೆ ಬಿಟ್ಟು ನೋಡಿ. ಸ್ವಲ್ಪ ಇಳಿಯುವುದು ಸಹಜ. 13ಕ್ಕಿಂತ ಕೆಳಗಿಳಿದು ಇಳಿಯುತ್ತಲೇ ಹೋದರೆ ಆಲ್ಟರ್ನೇಟರ್ ಕೊಡುವುದಕ್ಕಿಂತ ಕಾರು ತಿನ್ನುವುದೇ ಹೆಚ್ಚಾಗಿದೆ ಎಂದರ್ಥ. ಹಾಗೆಯೇ 15 ದಾಟಿದರೆ ವೋಲ್ಟೇಜನ್ನು ಹತೋಟಿಯಲ್ಲಿಡುವ ರೆಗ್ಯುಲೇಟರ್ ಕೆಟ್ಟು ಬ್ಯಾಟರಿಯನ್ನು ಕುದಿಸುತ್ತಿದೆ. ಅಕ್ಕನ ಮಗ ಹೋದ ವರ್ಷ ಕೊಂಡ ಕಾರಿಗೆ ಮಾತ್ರ ಈ ಲೆಕ್ಕ ನೇರವಾಗಿ ಹೊಂದುವುದಿಲ್ಲ, ಏಕೆಂದರೆ ಅಂಥ ಕಾರುಗಳಲ್ಲಿ ಇಂಧನ ಉಳಿಸಲು ಇಸಿಯುವೇ ಆಲ್ಟರ್ನೇಟರನ್ನು ಇಳಿಸಿ ಏರಿಸುತ್ತದೆ, ಒಮ್ಮೊಮ್ಮೆ 12.8 ಕಂಡರೂ ಅದು ದೋಷವಲ್ಲ. ನಿಮ್ಮದು ಹತ್ತು ವರ್ಷದ ಹಿಂದಿನ ಪೆಟ್ರೋಲ್ ಹ್ಯಾಚ್‌ಬ್ಯಾಕ್. ಅದಕ್ಕೆ ಹಳೆಯ ಲೆಕ್ಕವೇ ಸರಿ.

ಆ ಮಂಕು ದೀಪದ ವಿಷಯವನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ಏಕೆಂದರೆ ಇಡೀ ಪ್ರಕರಣದಲ್ಲಿ ಹೆಚ್ಚು ಸುಳಿವು ಕೊಡುವುದು ಅದೇ. ನಿಮ್ಮ ಕಾರಿನಂಥವುಗಳಲ್ಲಿ ಆ ದೀಪದ ಒಂದು ತುದಿಗೆ ಇಗ್ನಿಷನ್ ಮೂಲಕ ಬ್ಯಾಟರಿ, ಇನ್ನೊಂದು ತುದಿಗೆ ಆಲ್ಟರ್ನೇಟರ್ ಜೋಡಿಸಿರುತ್ತದೆ. ಕೀ ತಿರುಗಿಸಿದಾಗ ಆಲ್ಟರ್ನೇಟರ್ ಕಡೆ ಏನೂ ಇಲ್ಲದ್ದರಿಂದ ದೀಪ ಉರಿಯುತ್ತದೆ. ಎಂಜಿನ್ ಓಡಿ ಎರಡೂ ಕಡೆ ಸಮನಾದಾಗ ಆರುತ್ತದೆ. ಹಾಗಾಗಿ ಮಂಕಾಗಿ ಉರಿಯುವ ದೀಪ ಹೇಳುವುದು, ಎರಡು ಕಡೆಗಳ ನಡುವೆ ಒಂದಿಷ್ಟು ವ್ಯತ್ಯಾಸ ಉಳಿದಿದೆ ಎಂದು. ಅದು ಎಂಜಿನ್ ವೇಗ ಹೆಚ್ಚಿದಾಗ ಆರುತ್ತದೆ ಎಂದರೆ ಕಡಿಮೆ ವೇಗದಲ್ಲಿ ಆಲ್ಟರ್ನೇಟರ್ ಸೋಲುತ್ತಿದೆ: ಅದನ್ನು ಎಂಜಿನ್ನಿನಿಂದ ತಿರುಗಿಸುವ ಬೆಲ್ಟ್ ಜಾರುತ್ತಿರಬಹುದು, ಅದರೊಳಗೆ ತಿರುಗುವ ಭಾಗಕ್ಕೆ ವಿದ್ಯುತ್ತು ಮುಟ್ಟಿಸುವ ಕಾರ್ಬನ್ ಬ್ರಷ್ ಸವೆದಿರಬಹುದು, ಅಥವಾ ಒಳಗಿನ ಡಯೋಡ್ ಕೆಟ್ಟಿರಬಹುದು. ತಂತಿಯಲ್ಲಿ ದೋಷವಿದ್ದಿದ್ದರೆ ಆ ದೀಪ ಎಂಜಿನ್ ವೇಗಕ್ಕಿಂತ ಲೋಡಿನ ಮಾತು, ಅಂದರೆ ಹೆಡ್‌ಲೈಟು, ಬ್ಲೋವರ್ ಎಷ್ಟು ಎಳೆಯುತ್ತಿವೆ ಎಂಬುದರ ಮಾತು, ಹೆಚ್ಚು ಕೇಳುತ್ತಿತ್ತು.

ಬೆಲ್ಟನ್ನು ಕಣ್ಣಲ್ಲೇ ನೋಡಬಹುದು. ಎಂಜಿನ್ ಆರಿಸಿ, ಕೀ ತೆಗೆದು, ಒಳಮೈಯ ಗೆರೆಗಳಲ್ಲಿ ಬಿರುಕು, ಗಾಜಿನಂಥ ಹೊಳಪು, ಎಣ್ಣೆಯ ಪಸೆ ಇದೆಯೇ ನೋಡಿ. ಮಳೆಯ ಬೆಳಿಗ್ಗೆ ಸ್ಟಾರ್ಟ್ ಮಾಡಿದಾಗ ಕೀಚಲು ಸದ್ದು ಬರುತ್ತಿದ್ದರೆ ಬೆಲ್ಟನ್ನೂ ಅದನ್ನು ಬಿಗಿಹಿಡಿಯುವ ಟೆನ್ಷನರನ್ನೂ ಮೊದಲು ನೋಡಿಸಿ. ಕೆಂಪು ದೀಪ ಪೂರ್ತಿ ಉರಿದು, ಜೊತೆಗೆ ಎಂಜಿನ್ ತಾಪವೂ ಏರತೊಡಗಿದರೆ ಬೆಲ್ಟೇ ಕಡಿದಿರಬಹುದು. ಹಲವು ಕಾರುಗಳಲ್ಲಿ ನೀರಿನ ಪಂಪನ್ನು ತಿರುಗಿಸುವುದೂ ಅದೇ ಬೆಲ್ಟ್ ಆದ್ದರಿಂದ ತಕ್ಷಣ ಬದಿಗೆ ನಿಲ್ಲಿಸಬೇಕು.

ಬೆಲ್ಟ್ ಬಿಗಿಯಾಗಿದ್ದರೆ ನನ್ನ ಅನುಮಾನ ಡಯೋಡಿನ ಮೇಲೆ. ಆಲ್ಟರ್ನೇಟರ್ ಹುಟ್ಟಿಸುವುದು ಮೂರು ಫೇಸಿನ ಪರ್ಯಾಯ ವಿದ್ಯುತ್ತು, ಅಂದರೆ ದಿಕ್ಕು ಬದಲಿಸುತ್ತಲೇ ಇರುವ ಎಸಿ. ಸಾಮಾನ್ಯವಾಗಿ ಆರು ಡಯೋಡುಗಳಿರುವ ಒಂದು ತಟ್ಟೆ ಅದನ್ನು ಏಕಮುಖ, ಅಂದರೆ ಡಿಸಿ, ಮಾಡಿ ಬ್ಯಾಟರಿಗೆ ಕಳಿಸುತ್ತದೆ, ಮತ್ತು ಎಂಜಿನ್ ನಿಂತಾಗ ಬ್ಯಾಟರಿಯಿಂದ ಹಿಂದಕ್ಕೆ ಹರಿಯದಂತೆ ತಡೆಯುವುದೂ ಅದೇ. ಅದರಲ್ಲಿ ಒಂದು ಸೋರತೊಡಗಿದರೆ ಹಗಲಲ್ಲಿ ಚಾರ್ಜ್ ಕಡಿಮೆಯಾಗಿ ದೀಪ ಮಂಕಾಗಿ ಉರಿಯುತ್ತದೆ, ರಾತ್ರಿ ನಿಂತ ಕಾರಿನ ಬ್ಯಾಟರಿ ಆಲ್ಟರ್ನೇಟರಿನೊಳಗೇ ಬರಿದಾಗುತ್ತದೆ. ನಿಮ್ಮ ಎರಡು ದೂರುಗಳೂ ಒಂದೇ ಜಾಗದಲ್ಲಿ ಕೂಡುವುದು ಹೀಗೆ. ಪರೀಕ್ಷೆಗೆ ಮೀಟರನ್ನು ಪರ್ಯಾಯ (ಎಸಿ) ವೋಲ್ಟೇಜಿನ ಸ್ಥಾನಕ್ಕೆ ತಿರುಗಿಸಿ, ಎಂಜಿನ್ ಓಡುವಾಗ ಬ್ಯಾಟರಿಯ ಕಂಬಗಳ ಮೇಲೆ ಇಡಿ: ಅರ್ಧ ವೋಲ್ಟಿಗಿಂತ ಹೆಚ್ಚು ಬಂದರೆ ಡಯೋಡ್ ಕೆಟ್ಟಿದೆ ಎನ್ನಲು ಸಾಕಷ್ಟು ಆಧಾರವಾಯಿತು. ಒಂದು ಎಚ್ಚರಿಕೆ. ಕೆಲವು ಅಗ್ಗದ ಮೀಟರುಗಳು ಈ ಸ್ಥಾನದಲ್ಲಿ ಏಕಮುಖ ವೋಲ್ಟೇಜನ್ನೂ ಎಣಿಸಿ 28, 30 ಎಂದು ತೋರಿಸಿ ಹೆದರಿಸುತ್ತವೆ. ಎಂಜಿನ್ ಆರಿಸಿದಾಗ ಅದೇ ಸ್ಥಾನದಲ್ಲಿ ಸೊನ್ನೆ ಬರದಿದ್ದರೆ ಆ ಮೀಟರಿನ ಮಾತನ್ನು ಈ ಪರೀಕ್ಷೆಗೆ ನಂಬಬೇಡಿ.

ರಾತ್ರಿಯ ಸೋರಿಕೆಯನ್ನೂ ಅಳೆಯಬಹುದು. ಮೀಟರಿನ ಕೆಂಪು ತಂತಿಯನ್ನು 10 ಆಂಪಿಯರ್ ರಂಧ್ರಕ್ಕೆ ಸಿಕ್ಕಿಸಿ, ಬ್ಯಾಟರಿಯ ನೆಗೆಟಿವ್ ಕ್ಲಾಂಪನ್ನು ಬಿಚ್ಚಿ, ಆ ಕ್ಲಾಂಪಿಗೂ ಕಂಬಕ್ಕೂ ನಡುವೆ ಮೀಟರನ್ನು ಕೂಡಿಸಿ. ಬಾಗಿಲುಗಳನ್ನೆಲ್ಲ ಮುಚ್ಚಿ, ಕೀಯನ್ನು ಕಾರಿನಿಂದ ದೂರ ಇಟ್ಟು, ಅರ್ಧ ಗಂಟೆಗೂ ಹೆಚ್ಚು ಕಾಯಿರಿ, ಏಕೆಂದರೆ ಕಾರಿನೊಳಗಿನ ಎಲೆಕ್ಟ್ರಾನಿಕ್ ಘಟಕಗಳು ನಿದ್ರೆಗೆ ಹೋಗಲು ಸಮಯ ಬೇಕು. ಆಮೇಲೆ 50 ಮಿಲಿ ಆಂಪಿಯರ್‌ಗಿಂತ ಕಡಿಮೆ ಇರಬೇಕು. ಅದರ ಬದಲು 300 ಇದ್ದರೆ ದಿನಕ್ಕೆ 7 ಆಂಪಿಯರ್-ಅವರ್‌ಗೂ ಹೆಚ್ಚು ಸೋರುತ್ತದೆ. ನಿಮ್ಮದು ತುಂಬಿದಾಗ ಒಟ್ಟು 35 ಆಂಪಿಯರ್-ಅವರ್ ಹಿಡಿಯುವ ಬ್ಯಾಟರಿ, ಮೊದಲೇ ಅರೆಬರೆ ತುಂಬಿದ್ದರೆ ಎರಡು ದಿನದಲ್ಲಿ ಸೆಲ್ಫ್ ಹೊಡೆಯದಿರುವುದರಲ್ಲಿ ಆಶ್ಚರ್ಯವೇನಿಲ್ಲ. ಈ ಹಂತದಲ್ಲಿ ಆಲ್ಟರ್ನೇಟರಿನ ಹಿಂಭಾಗದ ದಪ್ಪ ತಂತಿಯನ್ನು ಎಲೆಕ್ಟ್ರಿಷಿಯನ್ ಕೈಯಲ್ಲಿ ಬಿಚ್ಚಿಸಿ. ಆ ತಂತಿಗೆ ಬ್ಯಾಟರಿ ನೇರವಾಗಿ ಸೇರಿರುವುದರಿಂದ, ಮೀಟರನ್ನು ತೆಗೆದಿಟ್ಟ ಮೇಲೆಯೇ ಬಿಚ್ಚಬೇಕು, ತುದಿಯನ್ನು ಟೇಪು ಸುತ್ತಿ ಮುಚ್ಚಿ, ಮೀಟರನ್ನು ಮತ್ತೆ ಕೂಡಿಸಿ, ಘಟಕಗಳು ಮಲಗುವವರೆಗೆ ಕಾದು ನೋಡಬೇಕು. ಸೋರಿಕೆ ನಿಂತುಹೋದರೆ ಕಳ್ಳ ಡಯೋಡೇ. ನಿಲ್ಲದಿದ್ದರೆ ನೀವು ಫ್ಯೂಸ್ ಬಾಕ್ಸಿನಿಂದ ವೈರು ಎಳೆಸಿ ಹಾಕಿಸಿಕೊಂಡ ಡ್ಯಾಶ್‌ಕ್ಯಾಮನ್ನು ಮೊದಲು ಕಳಚಿ ನೋಡಿ. ಮೀಟರ್ ಹೀಗೆ ಕೂಡಿಸಿರುವಾಗ ಯಾವ ಕಾರಣಕ್ಕೂ ಸೆಲ್ಫ್ ಹೊಡೆಯಬೇಡಿ.

ತಂತಿಯ ದೋಷ ಕಡಿಮೆ ಸಂಭವನೀಯ ಎಂದೆ, ಆದರೂ ಕಳೆದ ಮಳೆಗಾಲದಲ್ಲಿ ನಿಮ್ಮ ಅಪಾರ್ಟ್‌ಮೆಂಟಿನ ಬೇಸ್‌ಮೆಂಟಿಗೆ ನೀರು ನುಗ್ಗಿತ್ತಾದ್ದರಿಂದ ಅದನ್ನೂ ನೋಡಿಬಿಡಿ. ಎಂಜಿನ್ ಓಡುತ್ತಾ ದೀಪಗಳೆಲ್ಲ ಉರಿಯುತ್ತಿರುವಾಗ, ಮೀಟರಿನ ಒಂದು ಕಡ್ಡಿ ಬ್ಯಾಟರಿಯ ನೆಗೆಟಿವ್ ಕಂಬದ ಮೇಲೆ, ಇನ್ನೊಂದು ಆಲ್ಟರ್ನೇಟರಿನ ಮೈಮೇಲೆ, ಡಿಸಿಯಲ್ಲಿ ಇಡಿ; 0.2 ವೋಲ್ಟಿಗಿಂತ ಹೆಚ್ಚು ಬಂದರೆ ಬ್ಯಾಟರಿಯ ನೆಗೆಟಿವನ್ನು ಎಂಜಿನ್ನಿಗೂ ಕಾರಿನ ಮೈಗೂ ಸೇರಿಸುವ ಅರ್ಥಿಂಗ್ ಪಟ್ಟಿ ತುಕ್ಕು ಹಿಡಿದಿರಬಹುದು. ಪಾಸಿಟಿವ್ ಕಡೆಯೂ ಇದೇ ರೀತಿ, ಆದರೆ ಎರಡನೆಯ ಕಡ್ಡಿ ಆಲ್ಟರ್ನೇಟರಿನ ಮೈಮೇಲಲ್ಲ, ಅದರ ಹಿಂಭಾಗದ ದಪ್ಪ ತಂತಿಯ ತುದಿಯ ಮೇಲೆ. ಕೈ, ಶರ್ಟಿನ ತೋಳು ಬೆಲ್ಟಿನ ಹತ್ತಿರ ಹೋಗದಂತೆ ನೋಡಿಕೊಳ್ಳಿ. ಕಂಬಗಳ ಮೇಲಿನ ಹಸಿರು ಬಿಳಿ ಪುಡಿಯನ್ನು ಅಡುಗೆ ಸೋಡಾ ಬೆರೆಸಿದ ಬಿಸಿನೀರಿನಿಂದ ತೊಳೆಯಬಹುದು; ಬಿಚ್ಚುವಾಗ ನೆಗೆಟಿವ್ ಮೊದಲು, ಹಾಕುವಾಗ ನೆಗೆಟಿವ್ ಕೊನೆಗೆ.

ಡಯೋಡ್ ಅಥವಾ ಬ್ರಷ್ ಎಂದು ಖಚಿತವಾದರೆ ಆಲ್ಟರ್ನೇಟರನ್ನು ಇಳಿಸಿ ಆ ಡಯೋಡ್ ತಟ್ಟೆಯನ್ನೋ ಬ್ರಷ್ಷನ್ನೋ ಮಾತ್ರ ಬದಲಿಸುವ ಆಟೋ ಎಲೆಕ್ಟ್ರಿಷಿಯನ್‌ರನ್ನು ಹಿಡಿಯಿರಿ, ಬಿಡಿಭಾಗ ಜೆ.ಸಿ. ರಸ್ತೆಯ ಅಂಗಡಿಗಳಲ್ಲಿ ವಿಚಾರಿಸಬಹುದು. ಇಳಿಸಿದ ಮೇಲೆ ಬೇರಿಂಗನ್ನೂ ನೋಡಲು ಹೇಳಿ, ಎರಡು ಸಲ ಕೂಲಿ ಕೊಡುವುದು ತಪ್ಪುತ್ತದೆ. ಒಳಗಿನ ತಂತಿ ಸುರುಳಿ, ಅಂದರೆ ವೈಂಡಿಂಗೇ, ಸುಟ್ಟಿದ್ದರೆ ಮಾತ್ರ ಗ್ಯಾರೇಜಿನವರ ಮಾತು ಸರಿ. ರಿಪೇರಿಯಾದ ಮೇಲೆ ಬ್ಯಾಟರಿಯನ್ನು ಹೊರಗಿನ ಚಾರ್ಜರಿನಲ್ಲಿ 3, 4 ಆಂಪಿಯರಿನಷ್ಟು ನಿಧಾನವಾಗಿ ರಾತ್ರಿಯಿಡೀ ತುಂಬಿಸಿ. ಪೂರ್ತಿ ಬರಿದಾದ ಬ್ಯಾಟರಿಯನ್ನು ಸಿಲ್ಕ್ ಬೋರ್ಡ್ ಟ್ರಾಫಿಕ್ಕಿನ ಐಡಲ್ ತುಂಬಿಸಲಾರದು, ಮತ್ತು ಸೀಸದ ಬ್ಯಾಟರಿ ಅರೆಹೊಟ್ಟೆಯಲ್ಲಿ ಬಹಳ ದಿನ ಇದ್ದರೆ ಅದರ ಪ್ಲೇಟುಗಳು ಸಲ್ಫೇಟು ಕಟ್ಟಿ ಹಾಳಾಗುತ್ತವೆ.

ಅಲ್ಲಿಯವರೆಗೆ ರಾತ್ರಿ ಹೊತ್ತು, ಅದರಲ್ಲೂ ಮಳೆಯಲ್ಲಿ, ನೈಸ್ ರಸ್ತೆಯ ಕಡೆ ಕಾರು ತೆಗೆಯಬೇಡಿ. ಆಲ್ಟರ್ನೇಟರ್ ಪೂರ್ತಿ ಕೈಕೊಟ್ಟರೆ ಹೆಡ್‌ಲೈಟು, ವೈಪರು, ಬ್ಲೋವರ್, ಪೆಟ್ರೋಲ್ ಪಂಪು ಎಲ್ಲ ಸೇರಿ 30 ಆಂಪಿಯರ್ ಸುಲಭವಾಗಿ ಎಳೆಯುತ್ತವೆ. ತುಂಬಿದ ಬ್ಯಾಟರಿಯೇ ಆದರೂ ಒಂದು ಗಂಟೆ ಬಂದರೆ ಹೆಚ್ಚು, ನಿಮ್ಮದು ತುಂಬಿಲ್ಲ. ನಾಳೆ ಬೆಳಿಗ್ಗೆ ಎಂಜಿನ್ ಹೊಡೆಸುವ ಮುಂಚಿನ ವೋಲ್ಟೇಜು, 2000 ಆರ್‌ಪಿಎಂನದು, ಎಲ್ಲ ದೀಪ ಹಾಕಿದ ಐಡಲಿನದು, ಪರ್ಯಾಯ ವೋಲ್ಟೇಜಿನ ಅಳತೆ, ಈ ನಾಲ್ಕನ್ನು ಇಲ್ಲೇ ಬರೆದು ಹಾಕಿ. ಗ್ಯಾರೇಜಿನವರಿಗೆ ಏನು ಹೇಳಬೇಕೆಂದು ನಾನು ಸಂಜೆಯೊಳಗೆ ತಿಳಿಸುತ್ತೇನೆ.